ಬಾಗಿಲು ತಟ್ಟಿ ನೋಡುವ ಬೀಗದಕ್ಕ

ಕರಗಿದ ರಾಳದ ವಾಸನೆ ಬಂದರೆ ನನಗೆ ಈಗಲೂ ಸೋದರಮಾವನ ನೆನಪಾಗುತ್ತದೆ. ಅವರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಕಾದ ಬೆಸುಗೆ ಕಡ್ಡಿ ತಂತಿಗೆ ತಾಗಿ ಎಳೆಯಷ್ಟು ಹೊಗೆ ಎದ್ದರೆ ಸಾಕು, ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮಕ್ಕಳಿಗೆಲ್ಲ ತಿಳಿಯುತ್ತಿತ್ತು, ಯಾರದೋ ಮನೆಯ ಮೂಕ ಪೆಟ್ಟಿಗೆಗೆ ಮಾತು ಬರುತ್ತಿದೆ ಎಂದು.

ಬೀಗದಕ್ಕನ ಕೋಣೆಯಲ್ಲಿ ಅಂಥ ಯಾವ ವಾಸನೆಯೂ ಇಲ್ಲ. ಬೆಳಕು ಈಗಷ್ಟೇ ಹರಿಯುತ್ತಿದೆ. ಕಿಟಕಿಯಾಚೆ ಎದುರು ಕಟ್ಟಡದ ಗೋಡೆ, ಅದರ ಮೇಲೆ ನೀರಿಳಿದ ಕಲೆ. ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಕಂಪ್ಯೂಟರ್ ಕೂತಿದೆ. ಕೆಳಗಿನ ಪೆಡಲನ್ನು ಯಾರೂ ಕಿತ್ತಿಲ್ಲ. ಯೋಚನೆಗೆ ಬಿದ್ದಾಗ ಆಕೆಯ ಕಾಲು ಅದನ್ನು ಸುಮ್ಮನೆ ತುಳಿಯುತ್ತಿರುತ್ತದೆ.

ಸಣ್ಣ ಅಂಗಡಿಯವರ ವೆಬ್‌ಸೈಟು, ಬ್ಲಾಗು ಕೆಟ್ಟರೆ ಸರಿ ಮಾಡಿಕೊಡುವುದು ಆಕೆಯ ಕೆಲಸ. ಅರ್ಧಕ್ಕರ್ಧ ಜನ ಬರುವುದು ಪಾಸ್‌ವರ್ಡ್ ಮರೆತು. ಅದಕ್ಕೇ ಬೀದಿಯವರು ಇಟ್ಟ ಹೆಸರು ಬೀಗದಕ್ಕ.

"ಅಂಗಡಿ ಬೀದಿ ಏಳೋ ಮುಂಚೆ ಮುಗಿಸಿಬಿಡಬೇಕು ಅಮ್ಮ," ಎನ್ನುತ್ತಾಳೆ, ಆಕೆಯ ಕೆಲಸ ನೋಡಿ ಬರೆಯಲೆಂದು ಬಂದ ನನಗೆ. "ಗಿರಾಕಿ ಹತ್ತುತ್ತಿರುವಾಗ ಮೆಟ್ಟಿಲು ಕೀಳೋಕಾಗುತ್ತಾ?"

ಕೇಕಿನ ಅಂಗಡಿಯವನು ಕ್ಯಾಮೆರಾದಿಂದ ತೆಗೆದ ಚಿತ್ರಗಳನ್ನು ಹಾಗೆಯೇ ಏರಿಸಿದ್ದಾನೆ. ಭಾರಕ್ಕೆ ಪುಟ ತೆರೆದುಕೊಳ್ಳುವುದೇ ಇಲ್ಲ. ಗಡಿಯಾರ ರಿಪೇರಿಯವನು ಯಾವುದೋ ಗುಂಡಿ ಒತ್ತಿದ್ದಕ್ಕೆ ಇಡೀ ಸೈಟು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿದೆ. ಆಕೆಯ ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ: "ಕೊನೆಗೆ ಏನು ಒತ್ತಿದ್ರಿ?" ಉತ್ತರವೂ ಒಂದೇ: "ನಾನೇನೂ ಒತ್ತಿಲ್ಲಕ್ಕ." ಫೋನಿಟ್ಟು ನನ್ನ ಕಡೆ ತಿರುಗುತ್ತಾಳೆ. "ಏನೂ ಒತ್ತದವರೇ ನನ್ನ ಅನ್ನದಾತರು."

ಮೊದಲು ಮುದ್ರಣಾಲಯವೊಂದರಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಿದ್ದಳು. ಅದು ಮುಚ್ಚಿದ ದಿನ ಮಾಲೀಕರು, "ನಿನ್ನ ಕೈಗೆ ಪಳಗಿದ್ದು, ನೀನೇ ಇಟ್ಕೊ," ಎಂದು ಕಂಪ್ಯೂಟರನ್ನು ತಾವೇ ಹೊತ್ತು ತಂದು ಈ ಮೇಜಿನ ಮೇಲಿಟ್ಟು ಹೋದರಂತೆ. ಉಳಿದ ವಿದ್ಯೆಯನ್ನು ಕೆಡಿಸಿ, ಕೆದಕಿ ಕಲಿತಳು. ಒಳಗಿನ ಕೋಣೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾರೆ. ಒಂದು ಪಕ್ಕಕ್ಕೆ ಸ್ವಾಧೀನವಿಲ್ಲ, ಅಗಿಯಲಾಗುವುದಿಲ್ಲ. ನಾಲಿಗೆ ಮಾತ್ರ ಚುರುಕು.

"ಮೀನಿನ ತೊಟ್ಟಿ ಮುಂದೆ ಬೆಕ್ಕು ಕೂತ ಹಾಗೆ ಗಾಜು ನೋಡ್ತಾ ಕೂತಿರ್ತಾಳೆ," ಎಂದು ಅಲ್ಲಿಂದಲೇ ಕೂಗುತ್ತಾರೆ. "ಒಂದಿನಾನೂ ಮೀನು ಸಿಕ್ಕಿದ್ದು ಕಾಣೆ!"

"ಗಂಜಿ ತಂದೆ, ಬಾಯ್ಮುಚ್ಚಮ್ಮ," ಎಂದು ಮಗಳು ಏಳುತ್ತಾಳೆ.

ಆ ಬೆಳಗ್ಗೆ ಆಕೆ ಗಂಜಿ ಕುಡಿಸಿ ತಾಯಿಯ ಬಾಯಿ ಒರೆಸುತ್ತಿದ್ದಾಗಲೇ ವಿಗ್ ಹೊಲಿಯುವಾಕೆ ಬಾಗಿಲಲ್ಲಿ ಬಂದು ನಿಂತಳು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಉದುರಿದವರಿಗೆ, ತೆಳುವಾದ ಬಲೆಯ ಮೇಲೆ ಒಂದೊಂದೇ ಎಳೆ ಗಂಟು ಹಾಕಿ ಮುಡಿ ಕಟ್ಟಿಕೊಡುವ ಕಸುಬು ಅವಳದು. ಗಂಡ ತೀರಿಕೊಂಡು ವರ್ಷ ದಾಟಿದೆ. ಕೂರುವುದಕ್ಕೂ ಮೊದಲೇ ಹೇಳಿದಳು:

"ನನ್ನ ಸೈಟು ಮುಚ್ಚಿಬಿಡು. ಅಂಗಡೀನೂ ಈ ತಿಂಗಳಿಗೆ ಬಿಟ್ಟುಕೊಡ್ತೀನಿ. ಅವರು ಹೋದ ಮೇಲೆ ಒಂದು ನರಪಿಳ್ಳೆ ಕೇಳಿಲ್ಲ. ಗಿರಾಕಿ ಜೊತೆ ಮಾತಾಡ್ತಿದ್ದವರು ಅವರೇ. ಜನಕ್ಕೂ ಅವರೇ ಬೇಕಿತ್ತೇನೋ, ನನ್ನ ಕೈ ಅಲ್ಲ."

"ಸರಿ ಅಕ್ಕ. ಆದ್ರೆ ಮುಚ್ಚೋ ಮುಂಚೆ ಒಂದು ಸಲ ಬಾಗಿಲು ತಟ್ಟಿ ನೋಡ್ತೀನಿ."

ಇದು ಬೀಗದಕ್ಕನ ಪದ್ಧತಿ. ತೆರೆಯುವ ಸೈಟಾಗಲಿ, ಮುಚ್ಚುವ ಸೈಟಾಗಲಿ, ತಾನೇ ಗಿರಾಕಿಯಾಗಿ ಒಳಹೊಕ್ಕು ಒಂದು ಮಾತು ಬರೆದು ಕಳಿಸುತ್ತಾಳೆ. ಕಳಿಸಿದಳು. ಪರದೆಯ ಮೇಲೆ 'ಧನ್ಯವಾದ, ಬೇಗ ಸಂಪರ್ಕಿಸುತ್ತೇವೆ' ಎಂದು ಮೂಡಿತು.

"ನಿನ್ನ ಫೋನಿಗೆ ಬಂತಾ?"

"ಏನೂ ಬರಲಿಲ್ಲವಲ್ಲ."

ಪೆಡಲ್ ಅಲ್ಲಾಡತೊಡಗಿತು. ಸ್ವಲ್ಪ ಹೊತ್ತಿನಲ್ಲಿ ನಿಂತಿತು. "ಗಿರಾಕಿ ಬರೆದದ್ದೆಲ್ಲ ಈ ಇಮೇಲ್ ವಿಳಾಸಕ್ಕೆ ಹೋಗೋ ಹಾಗಿದೆ. ಯಾರದು ಇದು?"

ವಿಗ್‌ನಾಕೆ ಬಗ್ಗಿ ನೋಡಿದಳು. "ನಮ್ಮವರದು." ಆಮೇಲೆ, ತಡೆದು: "ಅದನ್ನ ನಾನೇ ಮುಚ್ಚಿಸಿದೆ. ಟಿಂಗ್ ಅಂತ ಅವರ ಹೆಸರು ಬಂದಾಗಲೆಲ್ಲ ಎದೆ ಝಲ್ಲನ್ನೋದು. ಸತ್ತವರ ಹೆಸರಿಗೆ ಇನ್ನು ಯಾರೂ ಬರೀಬಾರದು ಅಂತ..."

ಮೂವರಿಗೂ ಅರ್ಥವಾಗಿತ್ತು. ಜನ ಕೇಳುತ್ತಲೇ ಇದ್ದರು. ಸೈಟು ಎಲ್ಲರಿಗೂ 'ಬೇಗ ಸಂಪರ್ಕಿಸುತ್ತೇವೆ' ಎನ್ನುತ್ತಲೇ ಇತ್ತು.

"ಬರೆದದ್ದರ ಪ್ರತಿಗಳು ಸೈಟಿನೊಳಗೇ ಉಳಿದಿವೆ," ಎಂದಳು ಬೀಗದಕ್ಕ, ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು. "ನೋಡ್ತೀಯಾ? ಬೇಡ ಅಂದ್ರೆ ಬೇಡ. ನೋಡಲೇಬೇಕು ಅಂತೇನಿಲ್ಲ."

"ತಿರುಗಿಸು."

ಬಹಳ ಮಂದಿ ಬರೆದಿದ್ದರು. ಒಬ್ಬ ತಾಯಿ ಮೂರು ಸಲ. ಮೊದಲು: 'ಮಗಳು ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾಳೆ, ಜಡೆ ಬರುವಷ್ಟು ಉದ್ದ ಇರಲಿ.' ಕೆಲವು ವಾರದ ಮೇಲೆ: 'ಗಿಡ್ಡವಾದರೂ ಆದೀತು.' ಕೊನೆಗೆ: 'ಆಗುವುದಿಲ್ಲ ಎಂದಾದರೂ ಒಂದು ಮಾತು ತಿಳಿಸಿ.'

ವಿಗ್‌ನಾಕೆ ಮೊದಲು ಆ ತಾಯಿ ಕೊಟ್ಟಿದ್ದ ನಂಬರಿಗೇ ಫೋನ್ ಮಾಡಿದಳು. "ಅಮ್ಮಾ, ಮಗಳಿಗೆ ಅಂತ ಬರೆದಿದ್ರಿ. ತಪ್ಪು ನನ್ನದು, ಈಗ ನೋಡಿದೆ..." ಆ ಕಡೆಯಿಂದ ಸೋತ ದನಿಯೊಂದು, "ಈಗ ಬೇಕಾಗಿಲ್ಲ ಬಿಡಿ," ಎಂದಿತು. ಅಷ್ಟೇ.

ಯಾಕೆ ಎಂದು ನಮಗೆ ತಿಳಿಯಲಿಲ್ಲ. ಕೂದಲು ಬೆಳೆದಿರಲಿ ಎಂದು ನಾನು ಬೇಡಿಕೊಂಡೆ. ಆ ದನಿ ಹಾಗಿರಲಿಲ್ಲ. ಬೀಗದಕ್ಕ ತನ್ನ ಕುರ್ಚಿಯನ್ನು ಬಿಟ್ಟುಕೊಟ್ಟು, ವಿಗ್‌ನಾಕೆಯ ಬೆನ್ನ ಮೇಲೆ ಕೈಯಿಟ್ಟು ನಿಂತೇ ಇದ್ದಳು. "ಮುಂದಿನವರಿಗೆ ನಾನು ಮಾಡ್ಲಾ?" ಎಂದು ಕೇಳಿ, ತಾನೇ ನಂಬರು ಒತ್ತಿದಳು.

ಈ ಸಲ ಒಬ್ಬ ವಯಸ್ಸಾದ ಹೆಂಗಸು, ವಿಗ್ ಅಂಗಡಿಯಿಂದ ಎನ್ನುತ್ತಲೇ ಶುರುವಾದಳು. "ಅಯ್ಯೋ, ಬದುಕಿದೀರಾ ತಾಯಿ! ನಾನಿನ್ನೂ ಉಣ್ಣೆ ಟೋಪೀಲೇ ಇದೀನಿ, ತಲೆ ಬೆಂದ ಬದನೆಕಾಯಿ ಆಗಿದೆ. ಕನ್ನಡಿಗೆ ಬಟ್ಟೆ ಹೊದಿಸಿಬಿಟ್ಟಿದೀನಿ. ಹೊಲಿದು ಕೊಡ್ತೀರಾ?"

ವಿಗ್‌ನಾಕೆ ಕಣ್ಣೊರೆಸಿಕೊಂಡು ಫೋನು ತೆಗೆದುಕೊಂಡಳು. "ಅಳತೆಗೆ ಇವತ್ತೇ ಬರ್ತೀನಿ."

ಬೀಗದಕ್ಕ ಇಮೇಲ್ ವಿಳಾಸವನ್ನು ವಿಗ್‌ನಾಕೆಯದಕ್ಕೆ ಬದಲಿಸಿ ಮತ್ತೊಮ್ಮೆ ಬಾಗಿಲು ತಟ್ಟಿದಳು. ಟಿಂಗ್ ಎಂದಿತು. ವಿಗ್‌ನಾಕೆ ಬೆಚ್ಚಿಬಿದ್ದಳು.

"ನಿನ್ನ ಹೆಸರಿಗೇ ಬಂತು ನೋಡಕ್ಕ. ಮುಚ್ಚೋದಾ?"

"ಉಳಿದವರ ನಂಬರು ಕೊಡು," ಎಂದಷ್ಟೇ ಹೇಳಿ ಎದ್ದಳು.

ಅವಳು ಹೋದ ಮೇಲೆ ಬೀಗದಕ್ಕ ಬಹಳ ಹೊತ್ತು ಆ ತಾಯಿಯ ಮೂರು ಸಾಲನ್ನೇ ನೋಡುತ್ತಿದ್ದಳು. ಈ ಕೆಲಸದಿಂದ ನಿನಗೇನು ಆಸೆ ಎಂದು ಕೇಳಿದೆ. "ಸರಿ ಆಯ್ತು ಅಂತ ಯಾರೂ ಫೋನ್ ಮಾಡಲ್ಲ ಅಮ್ಮ. ಮಾಡೋದೂ ಬೇಡ. ಕೆಟ್ಟಾಗ ಸ್ವಲ್ಪ ಮುಂಚೆ ಬಂದ್ರೆ ಸಾಕು."

ಮರುದಿನ ಬೆಳಕು ಹರಿಯುವಾಗ ನಾನು ಅಲ್ಲೇ ಇದ್ದೆ. ಗಡಿಯಾರದವನು ಮತ್ತೆ ಏನೂ ಒತ್ತಿರಲಿಲ್ಲ. ಪೆಡಲ್ ಆಡುತ್ತಿತ್ತು. ವಿಗ್‌ನಾಕೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಬೆರಳ ತುದಿಯಲ್ಲಿ ಹೊಸದಾಗಿ ಸೂಜಿ ಚುಚ್ಚಿದ ಗುರುತು. ಕೀಬೋರ್ಡಿನ ಪಕ್ಕದಲ್ಲಿ ಬಿಸಿ ಬುತ್ತಿಯೊಂದನ್ನು ಇಟ್ಟಳು. ಅದರ ಮೇಲಿನ ಸಣ್ಣ ಡಬ್ಬಿಯನ್ನು ಬೇರೆ ಮಾಡಿ, ಮುಚ್ಚಳ ಸರಿಸಿ ತೋರಿಸಿದಳು. ಅದರಲ್ಲಿದ್ದುದನ್ನು ಅಗಿಯಬೇಕಾಗದಂತೆ ಮೆತ್ತಗೆ ಕಿವುಚಿದ್ದಳು. ಒಳಕೋಣೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಅದನ್ನು ಬೀಗದಕ್ಕನ ಕೈಗೆ ಕೊಟ್ಟಳು.