ಮುಂದಾಗಿ ಹೊರಟ ಗಂಟು

ಆಗೆಲ್ಲ ನಮ್ಮ ಹೊಳೆನರಸೀಪುರದಿಂದ ಚುಂಚನಕಟ್ಟೆಯ ಜಲಪಾತ ನೋಡಲು ಹೋಗುವುದೆಂದರೆ ಒಂದು ತಿಂಗಳ ಮಾತು. ದೂರ ಹೆಚ್ಚೇನಿಲ್ಲ. ಬೆಳಗಿನ ರೈಲಿನಲ್ಲಿ ಕೃಷ್ಣರಾಜನಗರಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದರೆ ಬಿಸಿಲೇರುವ ಮೊದಲೇ ಕಾವೇರಿಯ ದಡ ಸೇರಬಹುದಿತ್ತು. ಆದರೆ ಹೊಳೆ ತುಂಬಿರಬೇಕು, ಶಾಲೆಗೆ ರಜೆಯಿರಬೇಕು, ದಿನ ಒಳ್ಳೆಯದಿರಬೇಕು. ಈ ಮೂರೂ ಕೂಡಿ ಬರುವುದು ಅಪರೂಪವಾಗಿತ್ತು.

ನನಗಾಗ ಹತ್ತು ವರ್ಷ. ಅಪ್ಪ ಲೆಕ್ಕದ ಮೇಷ್ಟರು. ಮನೆಯನ್ನೂ ಶಾಲೆಯಂತೆಯೇ ನಡೆಸುತ್ತಿದ್ದರು. ಬೆಳಿಗ್ಗೆ ಐದಕ್ಕೆ ಏಳುವುದು, ಸಂಜೆ ಆರರಿಂದ ಎಂಟರವರೆಗೆ ಓದು. ಆ ಎರಡು ಗಂಟೆ ಬೇರೆ ಮಾತು ಆಡುವಂತಿರಲಿಲ್ಲ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದುದನ್ನು ಕಂಡೂ ನಾನು ಮಗ್ಗಿ ಬಿಟ್ಟು ಏಳಲಿಲ್ಲವೆಂದು ಅಪ್ಪ ನನ್ನನ್ನು ಹೊಗಳಿದ್ದರು. ಅವ್ವ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಆ ವರ್ಷ ಅಜ್ಜಿಯ ಕಣ್ಣು ಮಂಜಾಗತೊಡಗಿತ್ತು. ಹಾಸನದ ಡಾಕ್ಟರು ಕಣ್ಣಿನ ನರವೇ ಸೊರಗುತ್ತಿದೆ, ಕನ್ನಡಕದಿಂದಾಗಲಿ ಆಪರೇಷನ್ನಿನಿಂದಾಗಲಿ ಉಪಯೋಗವಿಲ್ಲ, ಇನ್ನು ಕೆಲವು ತಿಂಗಳು ಕಂಡರೆ ಹೆಚ್ಚು ಎಂದುಬಿಟ್ಟರು.  ಮನೆಗೆ ಬಂದು ಕಾಲು ತೊಳೆದುಕೊಂಡು ಕೂತ ಮೇಲೆ ಅಜ್ಜಿ ಅಪ್ಪನಿಗೆ ಒಂದೇ ಮಾತು ಹೇಳಿದರು.

“ಚುಂಚನಕಟ್ಟೆ ತೋರುಸ್ಬುಡ್ಲಾ ಮಗ.”

ಅದಕ್ಕೆ ಕಾರಣವಿತ್ತು. ನಮ್ಮ ತಾತ ಆ ಕಡೆಗೆ ಎತ್ತು ಕೊಳ್ಳಲು ಹೋದಾಗಲೆಲ್ಲ ಜಲಪಾತ ನೋಡಿಕೊಂಡು ಬಂದು ಅಜ್ಜಿಗೆ ಬಣ್ಣಿಸುತ್ತಿದ್ದರಂತೆ. ನೀರಿನ ಮೊರೆತಕ್ಕೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಆದರೆ ಅಲ್ಲೇ ಇರುವ ರಾಮದೇವರ ಗರ್ಭಗುಡಿಯ ಬಳಿ ನಿಂತರೆ ಆ ಸದ್ದು ಒಂದಿಷ್ಟೂ ಇಲ್ಲ ಎನ್ನುತ್ತಿದ್ದರಂತೆ. ಅಜ್ಜಿ ಅದನ್ನು ನಂಬಿರಲಿಲ್ಲ.

“ಇನ್ನೊಂದ್ ಸಲ ನಿನ್ನೂ ಕರ್ಕೊಂಡೋಯ್ತೀನಿ ಅಂತ ಅಂದೂ ಅಂದೂ ಅವ್ರೇ ಒಂಟೋದ್ರು. ದಿಟವೋ ಸುಳ್ಳೋ ನಾನಾರಾ ನೋಡ್ಬ್ಯಾಡ್ವಾ?”

ಅಪ್ಪ ಅಂದೇ ಒಂದು ಉದ್ದನೆಯ ಹಾಳೆಯಲ್ಲಿ ಕಾರ್ಯಕ್ರಮ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದರು. ಶ್ರಾವಣದ ಒಂದು ಭಾನುವಾರ. ಏಳುವುದು, ಸ್ನಾನ, ಬುತ್ತಿ ಕಟ್ಟುವುದು, ಸ್ಟೇಷನ್ನಿಗೆ ಹೊರಡುವುದು, ಪ್ರತಿಯೊಂದಕ್ಕೂ ಒಂದು ಸಮಯ, ಒಬ್ಬರ ಹೆಸರು. ಅಜ್ಜಿ ಪಂಚಾಂಗ ಕೇಳಿಸಿಕೊಂಡು ಬಂದು ತಕರಾರು ತೆಗೆದರು.

“ಭಾನುವಾರ ನವಮಿ ಕಣ್ಲಾ. ನವಮಿ ದಿನ ವಸ್ಲು ದಾಟಿ ಪಯಣ ಒಂಟೋರುಂಟಾ?”

“ಸೋಮವಾರ ಸ್ಕೂಲಿದೆಯಲ್ಲವ್ವ.”

“ನಿನ್ ಸ್ಕೂಲ್ ಗಂಟೆ ಕೇಳಿ ನವಮಿ ಮುಂದಕ್ಕೋದದಾ?”

ಕೊನೆಗೆ ಅವ್ವ ದಾರಿ ಹುಡುಕಿದರು. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೂ ಮೊದಲೇ ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಗಂಟೊಂದನ್ನು ನೆರೆಮನೆಯಲ್ಲಿ ಇಟ್ಟುಬರುವ ಪದ್ಧತಿ ನಮ್ಮಲ್ಲಿತ್ತು. ಗಂಟು ಹೊಸ್ತಿಲು ದಾಟಿದರೆ ಮನುಷ್ಯ ಹೊರಟಂತೆಯೇ ಲೆಕ್ಕ. ಆಮೇಲೆ ಅದು ಮನೆಗೆ ವಾಪಸು ಬರಬಾರದು, ಹೋಗುವಾಗ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ಗುರುವಾರ ಬೆಳಿಗ್ಗೆ ಅಜ್ಜಿ ಒಂದು ಸೀರೆ, ಒಂದು ತೆಂಗಿನಕಾಯಿ, ಎಲೆಅಡಿಕೆ, ಒಂದು ಹಿಡಿ ಅಕ್ಕಿ ಸೇರಿಸಿ ಕಟ್ಟಿದ ಗಂಟನ್ನು ಎದುರುಮನೆಯ ಪುಟ್ಟತಾಯಕ್ಕನ ನಡುಮನೆಯಲ್ಲಿ ಇಟ್ಟು ಬಂದರು. ಅಪ್ಪ ಹಾಳೆಯಲ್ಲಿ ಒಂದು ಸಾಲು ಸೇರಿಸಿದರು: “ಗಂಟು ತರುವುದು, ಐದೂಕಾಲು, ಶಾಂತ.” ಶಾಂತ ಎಂದರೆ ನಾನು.

ಶನಿವಾರ ಮಧ್ಯಾಹ್ನದಿಂದಲೇ ಮನೆಯಲ್ಲಿ ಕೋಡುಬಳೆ ಕರಿಯುವ ವಾಸನೆ. ಸಂಜೆ ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಪುಟ್ಟತಾಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು.

“ಶಾಂತೂ, ಅರಕಲಗೂಡಲ್ಲಿ ನಮ್ಮವ್ವಂಗೆ ಕಾಯ್ಲೆ ಭಾಳ ಜೋರಾಗೈತಂತೆ ಕಣೇ. ಏಳು ಗಂಟೆ ಬಸ್ಸಿಗೆ ಎಲ್ರೂ ಓಯ್ತಾ ಇವಿ, ಮನೆ ಬೀಗ. ನಿಮ್ಮಪ್ಪಂಗೆ ಯೋಳು, ಅಜ್ಜಿ ಗಂಟ ಬ್ಯಾರೆ ಯಾರ್ ಮನೇಲಾರಾ ಇಡ್ಲಿ. ಈಗ್ಲೇ ಯೋಳು, ಮರೀಬ್ಯಾಡ.”

“ಊ” ಎಂದೆ. ಒಳಗೆ ಓಡಿದಾಗ ಗಡಿಯಾರ ಆರು ಹೊಡೆಯುತ್ತಿತ್ತು. ಅಪ್ಪ ಚಾಪೆಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ತಲೆಯೆತ್ತದೆ ಬೆರಳಿನಿಂದ ನನ್ನ ಜಾಗ ತೋರಿಸಿದರು. ನಾನು ಕೂತೆ. ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಅದು ಓದುವ ಹೊತ್ತು. ಎಂಟಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಎದುರುಮನೆಯ ಬಾಗಿಲು ಎಳೆದ ಸದ್ದು, ಬೀಗದ ಸದ್ದು, ಪುಟ್ಟತಾಯಕ್ಕನ ಮಕ್ಕಳು ಬೀದಿಯಲ್ಲಿ ನಡೆದುಹೋದ ಸದ್ದು, ಎಲ್ಲವೂ ಕೇಳಿಸಿತು. ನಾನು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಎಂಟು ಹೊಡೆದಾಗ ಹೇಳಿ ಪ್ರಯೋಜನವಿರಲಿಲ್ಲ. ಹೇಳಲು ಧೈರ್ಯವೂ ಇರಲಿಲ್ಲ.

ಬೆಳಿಗ್ಗೆ ಐದೂಕಾಲಿಗೆ ಸರಿಯಾಗಿ ಎದುರುಮನೆಗೆ ಹೋಗಿ, ಬೀಗ ಮುಟ್ಟಿ, ವಾಪಸು ಬಂದು ಹೇಳಿದೆ. “ಬೀಗ ಹಾಕವ್ರೆ.”

ಅಪ್ಪ ಗಡಿಯಾರ ನೋಡಿದರು. “ಗಂಟಲ್ಲೇನಿದೆಯವ್ವ? ಒಂದು ಸೀರೆ, ಒಂದು ಕಾಯಿ. ಬೇರೆ ಕಟ್ಕೊಂಡು ಹೋಗೋಣ, ನಡಿ.”

ಅಜ್ಜಿ ಕೆಂಪಂಚಿನ ಸೀರೆಯುಟ್ಟು ಜಗಲಿಯ ಮೇಲೆ ಸಿದ್ಧವಾಗಿ ಕೂತಿದ್ದರು. “ಅಂಗಲ್ಲ ಕಣ ಮಗ. ಗುರುವಾರ ಒಂಟೋಳು ನಾನು. ಅವಳ ಮನೇಲಿ ತಂಗಿವ್ನಿ. ಗಂಟ ಬುಟ್ಟೋದ್ರೆ ನನ್ನೇ ಇಲ್ಲಿ ಬುಟ್ಟೋದಂಗೆ.”

“ರೈಲು ಹೋಗುತ್ತೆ.”

“ಓಗ್ಲಿ ಬುಡು. ಅದು ನಾಳೀಕೂ ಬತ್ತದೆ.”

ರೈಲಿನ ಕೂಗು ಕೇಳಿಸಿತು. ಅಜ್ಜಿ ಬೀಗದ ಕಡೆಗೆ ಮುಖ ಮಾಡಿಕೊಂಡೇ ಕೂತಿದ್ದರು. ಮುತ್ತುಗದೆಲೆಯಲ್ಲಿ ಕಟ್ಟಿದ್ದ ಚಿತ್ರಾನ್ನವನ್ನು ಅಂದು ಹನ್ನೆರಡೂವರೆಗೆ, ಹಾಳೆಯಲ್ಲಿ ಬರೆದಿದ್ದ ಹೊತ್ತಿಗೇ, ಮನೆಯಲ್ಲಿ ಬಿಚ್ಚಿ ತಿಂದೆವು. 

ನಾಲ್ಕನೆಯ ದಿನ ಪುಟ್ಟತಾಯಕ್ಕ ಬಂದರು. ನಾನೂ ಅಪ್ಪನೂ ಶಾಲೆಯಲ್ಲಿದ್ದೆವು. ಸಂಜೆ ನೋಡಿದರೆ, ಆ ಪಯಣವೇ ಮುರಿದುಬಿದ್ದಿದ್ದರಿಂದ, ಗಂಟು ನಮ್ಮ ಮನೆಗೆ ವಾಪಸು ಬಂದಿತ್ತು, ಬಿಚ್ಚಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅಪ್ಪ ಹಳೆಯ ಹಾಳೆ ಕಿತ್ತು ಹೊಸದನ್ನು ಬರೆದರು. ಮುಂದಿನ ವಾರ ಶಾಲೆಯ ತಪಾಸಣೆ, ಆಮೇಲೆ ಪರೀಕ್ಷೆ. ದಸರಾ ರಜೆಗೆ ಗೊತ್ತುಮಾಡಿದರು.

ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದು ನಡೆಯತೊಡಗಿದ್ದರು. ತಟ್ಟೆಯಲ್ಲಿ ಸಾರು ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಅವ್ವ ಹೇಳಬೇಕಾಗಿತ್ತು.

ದಸರಾದಲ್ಲಿ ಹೋದೆವು. ಒಂದೂ ತಪ್ಪದೆ ಎಲ್ಲವೂ ಹಾಳೆಯಂತೆಯೇ ನಡೆಯಿತು. ಮಳೆ ನಿಂತು ತಿಂಗಳಾಗಿದ್ದರೂ ಕಾವೇರಿಯಲ್ಲಿ ನೀರಿತ್ತು. ಎರಡು ಕವಲಾಗಿ ಬಂಡೆಗಳ ಮೇಲೆ ನೊರೆನೊರೆಯಾಗಿ ಬೀಳುತ್ತಿತ್ತು. ಹಸಿ ಪಾಚಿಯ ವಾಸನೆ, ಮುಖದ ಮೇಲೆ ಸಣ್ಣ ಹನಿ. ಅಪ್ಪ ಅಜ್ಜಿಯ ಕಿವಿಯ ಹತ್ತಿರ ಬಾಗಿ ಕೂಗಿದರು. “ಕಾಣ್ತದಾ ಅವ್ವ?”

“ಊ ಕಣ ಮಗ, ಬೆಳ್ಳಗೆ ಕಾಣ್ತದೆ! ಆಲು ಸುರ್ದಂಗೆ!”

ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೆ ನಾನು ಅಜ್ಜಿಯ ಇನ್ನೊಂದು ಪಕ್ಕದಲ್ಲಿದ್ದೆ. ಅವರು ನೋಡುತ್ತಿದ್ದುದು ನೀರನ್ನಲ್ಲ. ದಡದ ಮೇಲಿನ ಮಂಟಪವೊಂದರ ಸುಣ್ಣ ಬಳಿದ ಗೋಡೆಯನ್ನು.

ಆಮೇಲೆ ಅಪ್ಪ ಅವ್ವ ಹಣ್ಣುಕಾಯಿ ತರಲು ಹೋದರು. ನಾನು ಅಜ್ಜಿಯ ಕೈಹಿಡಿದು ಗುಡಿಯೊಳಗೆ ಕರೆದುಕೊಂಡು ಹೋದೆ. ಗರ್ಭಗುಡಿಯ ಎದುರು ನಿಂತಾಗ ಸದ್ದು ನಿಜವಾಗಿಯೂ ಅಡಗಿತ್ತು. ಎಣ್ಣೆದೀಪದ ಚಟಪಟ ಮಾತ್ರ. ಅಜ್ಜಿ ಬಹಳ ಹೊತ್ತು ಕಿವಿಗೊಟ್ಟು ನಿಂತರು.

“ದಿಟವೇ ಯೋಳಿದ್ರು ಕಣೆ ನಿಮ್ ತಾತ.”

ನನಗೆ ಇನ್ನು ತಡೆಯಲಾಗಲಿಲ್ಲ. “ಅಜ್ಜೀ, ಪುಟ್ಟತಾಯಕ್ಕ ಊರಿಗೋಗೋದ ನಂಗೆ ಯೋಳಿದ್ರು. ಓದೋ ಹೊತ್ತು ಅಂತ ನಾನು ಅಪ್ಪಂಗೆ ಯೋಳ್ನಿಲ್ಲ” ಎಂದು ಅತ್ತೆ.

ಅಜ್ಜಿ ನನ್ನ ತಲೆ ತಡವಿ, ಬಾಯಿ ಎಲ್ಲಿದೆಯೆಂದು ಹುಡುಕಿ, ಅಂಗೈಯಿಂದ ಮುಚ್ಚಿದರು.

“ಗೊತ್ತು ಕಣವ್ವಾ. ಗಂಟು ತಂದ್ಕೊಟ್ಟಾಗ್ಲೇ ಯೋಳುದ್ಲು ಅವ್ಳು. ನಿಮ್ಮಪ್ಪಂಗೆ ಮಾತ್ರ ಯಾವತ್ತೂ ಯೋಳ್ಬ್ಯಾಡ. ಆ ಓದೋ ಹೊತ್ತು ಮಾಡ್ದೋನು ಅವ್ನು. ತಿಳುದ್ರೆ ತಡ್ಕೊಳಾಕಿಲ್ಲ.”

ನಾನು ಹೇಳಲಿಲ್ಲ. ಅಪ್ಪ ಕೊನೆಯವರೆಗೂ, ತಮ್ಮ ಅವ್ವನ ಕಣ್ಣು ಹೋಗುವ ಮೊದಲು ಜಲಪಾತ ತೋರಿಸಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಮುಂದೆ ನಾನೂ ಮೇಷ್ಟರ ಕೆಲಸವನ್ನೇ ಮಾಡಿದೆ. ಈಗಲೂ ಐದಕ್ಕೇ ಏಳುತ್ತೇನೆ. ಆದರೆ ನನ್ನ ಮನೆಯಲ್ಲಿ ಮಾತಾಡಬಾರದ ಹೊತ್ತು ಎಂಬುದೊಂದನ್ನು ಇಡಲಿಲ್ಲ.

ಈಗ ಮೊಮ್ಮಕ್ಕಳು ಮೊಬೈಲಿನಲ್ಲಿ ನೀರು ಬಂದಿದೆಯೆಂದು ನೋಡಿ, ಹತ್ತು ನಿಮಿಷದಲ್ಲಿ ಕಾರು ಹೊರಡಿಸುತ್ತಾರೆ. ತಿಥಿ ಕೇಳುವವರಿಲ್ಲ. ಅದಕ್ಕೆ ನನಗೆ ಬೇಸರವೂ ಇಲ್ಲ. ಆದರೆ ಕಾರು ಹತ್ತುವ ಮೊದಲು ಒಮ್ಮೆ ಎದುರುಮನೆಯ ಕಡೆ ನೋಡುತ್ತೇನೆ. ಅಲ್ಲಿರುವವರು ಬಂದು ಎರಡು ವರ್ಷವಾಯಿತು, ಹೆಸರು ಗೊತ್ತಿಲ್ಲ. ನಮ್ಮ ಗಂಟು ಅಲ್ಲಿರಲಿ, ಅವರ ಗಂಟು ಇಲ್ಲಿರಲಿ ಎನ್ನುವಂಥ ಮನೆ ನಮ್ಮ ಬೀದಿಯಲ್ಲಿ ಈಗ ಒಂದೂ ಇಲ್ಲ.

ಜಲಪಾತದ ಮುಂದೆ ಇಳಿದೊಡನೆ ಮಕ್ಕಳು ನೀರಿನ ಕಡೆ ಓಡುತ್ತಾರೆ. ನಾನು ಮೊದಲು ಆ ಸುಣ್ಣದ ಗೋಡೆಯನ್ನು ಹುಡುಕುತ್ತೇನೆ. ಕಳೆದ ಸಲ ಆ ಮಂಟಪವೇ ಅಲ್ಲಿರಲಿಲ್ಲ.