ಲಾರಿ ಹತ್ತಿದ ಕಲ್ಲು

ಕಟಪಾಡಿಯ ಮನೆ ರಿಪೇರಿಗೆ ಲೇಬರ್ ಕಾಂಟ್ರಾಕ್ಟ್ ಕೊಟ್ಟರೆ ಸಿಮೆಂಟು, ಮರಳಿಗೆಲ್ಲ ನಾನೇ ಓಡಾಡಬೇಕು. ಆ ಉಪದ್ರವೇ ಬೇಡವೆಂದು ಸಾಮಾನು ಸಮೇತ ಎಲ್ಲವನ್ನೂ ಕಾಂಟ್ರಾಕ್ಟರಿಗೇ ವಹಿಸಿದೆ. ಕಿತ್ತ ಹಳೆಯ ಸಾಮಾನು ಅವರಿಗೆ ಸೇರತಕ್ಕದ್ದು ಎಂಬ ಸಾಲನ್ನು ಓದಿಯೇ ಸಹಿ ಹಾಕಿದ್ದೆ. ಹಳೆಯ ಸಾಮಾನೆಂದರೆ ಹಂಚು, ಅದರಡಿಯ ಮರದ ಪಕ್ಕಾಸು ಅಷ್ಟೇ ಎಂದುಕೊಂಡ ಬುದ್ಧಿವಂತೆ ನಾನು! ಬಾವಿಕಟ್ಟೆಯ ಬಳಿ ಅಮ್ಮ ಇದ್ದಷ್ಟು ಕಾಲ ಬಟ್ಟೆ ಒಗೆದು ಒಗೆದು ನಡು ತಗ್ಗಾಗಿದ್ದ ಕಲ್ಲೂ ಲಾರಿ ಹತ್ತಿಹೋಯಿತು.

ಮೊನ್ನೆ ಕಾಪುವಿನಲ್ಲಿ ಆ ಕಾಂಟ್ರಾಕ್ಟರ ಮನೆಗೆ ಹೋದಾಗ, ಅಂಗಳದ ಹೂಗಿಡಗಳ ನಡುವೆ ಅದು ಬೆಂಚಾಗಿತ್ತು.

"ಕೂತ್ಕೊಳ್ಳಿ ಅಕ್ಕ, ತಂಪು ಉಂಟು," ಎಂದರು.

ಸಹಿ ಹಾಕಿದವಳು ನಾನೇ, ವಾಪಸು ಕೇಳುವುದು ಹೇಗೆ! ತಗ್ಗಿನ ಮೇಲೆ ಕೈಯಾಡಿಸಿದೆ. ಅಮ್ಮ ಇದ್ದಾಗ ಆ ಕಲ್ಲು ಒಣಗಿದ್ದನ್ನು ನಾನು ನೋಡಿಯೇ ಇರಲಿಲ್ಲ.