ಬುರುಲ್ ಅಕ್ಕನ ಮೂರನೆಯ ದಂಗೆ

ನಮ್ಮ ರಾಜಧಾನಿ ಬಿಷ್ಕೆಕ್‌ನಲ್ಲಿ ಸರ್ಕಾರ ಬೀಳುವ ಸುದ್ದಿ ರೇಡಿಯೊಗಿಂತ ಮೊದಲು ನಮ್ಮ ಮನೆ ಕೆಳಗಿನ ಅಂಗಡಿಯ ಬುರುಲ್ ಅಕ್ಕನಿಗೆ ಗೊತ್ತಾಗುತ್ತದೆ. ಚುನಾವಣೆಯಲ್ಲಿ ಮೋಸವಾಯಿತೆಂದು ಚೌಕದಲ್ಲಿ ಜನ ಸೇರಿದರೆ ಸಾಕು, ಏಣಿ ಹತ್ತಿ ಗಾಜಿಗೆಲ್ಲ ಹಲಗೆ ಹೊಡೆಯುತ್ತಾಳೆ, ಮೇಲೆ ಕೆಂಪು ಬಣ್ಣದಲ್ಲಿ ‘ನಾವು ಜನರ ಜೊತೆ’ ಎಂದು ದಪ್ಪಗೆ ಬರೆಯುತ್ತಾಳೆ. ಗಿರಾಕಿಗಳು “ಇದು ಅಮೆರಿಕದ ಕೈವಾಡ”, “ಅಲ್ಲ, ಮಾಸ್ಕೋದ್ದು” ಎಂದು ಜಗಳಕ್ಕೆ ಬಿದ್ದರೆ, ಬಾಯಲ್ಲಿ ಕಚ್ಚಿಕೊಂಡ ಮೊಳೆಗಳನ್ನು ಅಂಗೈಗೆ ಉಗುಳಿ, “ಕೈ ಯಾರದ್ದಾದ್ರೂ ಇರ್ಲಿ ಕಣ್ರೋ, ನನ್ನ ಗಾಜಿಗೆ ಬೀಳೋದು ನಮ್ಮೂರ ಕಲ್ಲೇ! ಮಾತು ಸಾಕು, ಹಲಗೆ ಹಿಡೀರಿ!” ಎನ್ನುತ್ತಾಳೆ. ಹೀಗೆ ಗದರುವಾಗಲೂ ಅವಳ ಕಣ್ಣು ಮದುವೆ ಮನೆಯವಳಂತೆ ಹೊಳೆಯುತ್ತಿರುತ್ತದೆ. ಅವಳು ಕಂಡ ಮೂರನೆಯ ದಂಗೆ ಇದು; ಇವತ್ತು ಮಧ್ಯಾಹ್ನ ಘೋಷಣೆಗಳು ನಮ್ಮ ಬೀದಿಗೇ ನುಗ್ಗಿದವು, ಗುಂಡಿನ ಸದ್ದೂ ಕೇಳಿತು. ಮಗಳನ್ನು ಸೊಂಟಕ್ಕೇರಿಸಿಕೊಂಡು ಹಿಂಬಾಗಿಲಿನಿಂದ ಅಂಗಡಿಯೊಳಗೆ ಓಡಿದರೆ, ಈಕೆ ಎಲ್ಲ ಮುಚ್ಚಿಯೂ ರೊಟ್ಟಿ ಕೊಡುವ ಪುಟ್ಟ ಕಿಟಕಿಯೊಂದನ್ನು ತೆರೆದಿಟ್ಟು, ಅದರ ಹಿಂದೆ ಬೀದಿ ನೋಡುತ್ತ ಕೂತಿದ್ದಾಳೆ. “ಅಕ್ಕಾ, ಹುಚ್ಚಾ ನಿಂಗೆ? ಮುಚ್ಚು ಅದನ್ನ!” ಎಂದೆ. ಅವಳು ತಿರುಗಲಿಲ್ಲ. “ಹೋದ ಸಲದ ದಂಗೇಲಿ ಗುಂಡು ತಗುಲಿದಾಗ ನಮ್ಮನೆಯವ್ರು ಚೌಕದ ಹತ್ರ ಒಂದು ಅಂಗಡಿಯ ಹಲಗೆ ಬಡಿದು ಕೂಗಿದ್ರಂತೆ. ಅದರ ಮೇಲೂ ‘ನಾವು ಜನರ ಜೊತೆ’ ಅಂತ್ಲೇ ಬರ್ದಿತ್ತು. ಒಳಗಿದ್ದೋರು ತೆಗೀಲಿಲ್ಲ ಕಣೇ,” ಎಂದಳು. ನಾನು ಮಗಳನ್ನು ಒಳಗೆ ಹಿಟ್ಟಿನ ಮೂಟೆಗಳ ಹಿಂದೆ ಕೂರಿಸಿ ಕೈಗೊಂದು ಬಿಸ್ಕತ್ತು ಕೊಟ್ಟೆ, ಮಗಳ ಹೊದಿಕೆಯನ್ನು ಗಾಯಕ್ಕೆ ಕಟ್ಟಲೆಂದು ಪಟ್ಟಿ ಪಟ್ಟಿಯಾಗಿ ಹರಿದಿಟ್ಟೆ. ಆಮೇಲೆ, ಮೊದಲ ಬಡಿತಕ್ಕೇ ತೆಗೆಯಬೇಕೆಂದು, ಬೀದಿ ಬಾಗಿಲ ಅಗುಳಿಯ ಮೇಲೆ ಕೈಯಿಟ್ಟು ನಿಂತೆ.